ಮಗುವಿನ ಚೀಲದಲ್ಲಿ ಬಂದ ಚೀಟಿ

ಶಾಲೆಯ ಕಡೆಯ ಗಂಟೆ ಬಾರಿಸಿ ಇನ್ನೂ ಅರ್ಧ ತಾಸಾಗಿಲ್ಲ. ಓಣಿಯ ತುಂಬ ಮಕ್ಕಳ ಗದ್ದಲ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಚೀಲವನ್ನು ಕಟ್ಟೆಯ ಮೇಲೆ ಇಳಿಸಿ, "ಯವ್ವಾ, ಟೀಚರ್ ಚೀಟಿ ಕೊಟ್ಟಾರ ನೋಡು" ಎಂದವಳೇ ಆಟಕ್ಕೆ ಓಡುತ್ತಾಳೆ. ಹೊಲದ ಕೂಲಿಯಿಂದ ಆಗತಾನೆ ಬಂದ ತಾಯಿ ಕೈತೊಳೆದುಕೊಂಡು, ಪುಸ್ತಕಗಳ ನಡುವೆ ಮುದುಡಿದ್ದ ಕಾಗದವನ್ನು ಹೊರತೆಗೆಯುತ್ತಾಳೆ. ಅಚ್ಚಾದ ಅಕ್ಷರಗಳು, ಕೆಳಗೆ ನೀಲಿ ಶಾಯಿಯ ರುಜು, ಅದರ ಪಕ್ಕದಲ್ಲೊಂದು ಮೊಹರು. ಮೊಹರನ್ನು ಕಂಡೊಡನೆ ಆಕೆಯ ಎದೆ ಡವಗುಟ್ಟುತ್ತದೆ. ಹಣ ಕೇಳಿದ್ದಾರೆಯೇ? ಹುಡುಗಿ ಏನಾದರೂ ಮುರಿದಳೇ? ಹೆಸರು ತೆಗೆದುಹಾಕಿದರೇ?

ಕಾಲೇಜಿಗೆ ಹೋಗುವ ನೆರೆಮನೆಯ ಹುಡುಗ ದೀಪ ಹಚ್ಚುವ ಹೊತ್ತಿಗೆ ಬಂದು ಚೀಟಿಯನ್ನು ಓದಿ ಹೇಳುತ್ತಾನೆ. ವೈದ್ಯರ ತಂಡ ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸಿದೆ. ಈ ಹುಡುಗಿಗೆ ದೃಷ್ಟಿದೋಷವಿರುವ ಶಂಕೆಯಿದೆ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಆದರೆ ತೋರಿಸಬೇಕಾಗಿದ್ದ ದಿನ ಮೊನ್ನೆಯೇ ಕಳೆದುಹೋಗಿದೆ. ಶಾಲೆಯಲ್ಲಿ ಚೀಟಿ ಕೊಟ್ಟು ನಾಲ್ಕು ದಿನಗಳಾಗಿದ್ದವು; ಹುಡುಗಿಗೆ ಅದರ ನೆನಪಾದದ್ದು ಇಂದು.

ಇದು ಒಂದು ಊರಿನ, ಒಂದು ಮನೆಯ ಕಥೆಯಲ್ಲ. ಪ್ರಾಥಮಿಕ ಶಾಲೆಗೆ ಮಕ್ಕಳನ್ನು ಕಳುಹಿಸುವ ಎಷ್ಟೋ ಮನೆಗಳಲ್ಲಿ ಇಂಥ ಸಂಜೆಗಳು ಬರುತ್ತಲೇ ಇರುತ್ತವೆ. ತಾನು ತಿಳಿಸಿದೆನೆಂದು ಶಾಲೆ ನಂಬಿರುತ್ತದೆ. ತನಗೆ ಯಾರೂ ತಿಳಿಸಲಿಲ್ಲವೆಂದು ಮನೆ ದೂರುತ್ತದೆ. ಇಬ್ಬರ ಮಾತೂ ಸುಳ್ಳಲ್ಲ. ಕಾಗದ ಕಳುಹಿಸುವುದು ಬೇರೆ, ವಿಷಯ ಮುಟ್ಟಿಸುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿ ನಷ್ಟಕ್ಕೆ ಗುರಿಯಾಗುವುದು ಮಗು.

ಕೃಪೆಯಲ್ಲ, ಕರ್ತವ್ಯ

ಶಾಲೆಯ ಸಮಾಚಾರವನ್ನು ಮನೆಗೆ ತಿಳಿಸುವುದು ಉಪಾಧ್ಯಾಯರ ಸೌಜನ್ಯವೆಂದೇ ಬಹಳ ಮಂದಿ ತಿಳಿದಿದ್ದಾರೆ. ವಾಸ್ತವವಾಗಿ ಅದು ಕಾನೂನು ವಿಧಿಸಿರುವ ಕರ್ತವ್ಯ. ೨೦೦೯ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ೨೪ನೆಯ ಕಲಮು ಉಪಾಧ್ಯಾಯರ ಹೊಣೆಗಳನ್ನು ಒಂದೊಂದಾಗಿ ಎಣಿಸುತ್ತದೆ. ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವುದು, ಪಾಠಕ್ರಮವನ್ನು ಪೂರೈಸುವುದು ಇವುಗಳ ಸಾಲಿನಲ್ಲಿಯೇ, ತಂದೆತಾಯಿಗಳೊಡನೆ ತಪ್ಪದೆ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆಗಿರುವ ಪ್ರಗತಿ ಮತ್ತು ಇತರ ಅಗತ್ಯ ವಿಷಯಗಳನ್ನು ಅವರಿಗೆ ತಿಳಿಸತಕ್ಕದ್ದು ಎಂಬ ಮಾತೂ ಇದೆ.

ತಿಳಿಸತಕ್ಕದ್ದು, ನಿಜ. ಆದರೆ ಹೇಗೆ? ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ವರ್ಷ ಮೀರಿದ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇಕಡಾ ೬೮ ಮಂದಿ. ಎಂದರೆ ಮೂವರಲ್ಲಿ ಒಬ್ಬಳಿಗೆ ಆಗ ಓದು ಬಾರದು. ಅಲ್ಲಿಂದೀಚೆಗೆ ಅಕ್ಷರಜ್ಞಾನ ಹೆಚ್ಚಿರಬಹುದು. ಆದರೂ ಮಗುವಿನ ಚೀಲ ಬಿಚ್ಚುವ ಕೈ ಓದು ಬಲ್ಲ ಕೈಯೇ ಆಗಿರುತ್ತದೆಂದು ಯಾವ ಶಾಲೆಯೂ ಭಾವಿಸುವಂತಿಲ್ಲ. ಓದು ಬಂದರೂ ಮನೆಮಾತು ಲಂಬಾಣಿ, ತುಳು, ಉರ್ದು, ತೆಲುಗು ಆಗಿರಬಹುದು. ಕನ್ನಡವೇ ಮನೆಮಾತಾಗಿದ್ದರೂ ಸುತ್ತೋಲೆಯ ಕನ್ನಡ ಯಾರ ಮನೆಮಾತೂ ಅಲ್ಲ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ತೊಡಗುವ ಕಾಗದದಲ್ಲಿ ಮಗುವಿನ ಸುದ್ದಿ ಎಷ್ಟನೆಯ ಸಾಲಿನಲ್ಲಿದೆಯೆಂದು ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ.

ಅಂಕ ಹೋಗಿ ಅಕ್ಷರ ಬಂತು

ಹಿಂದಿನ ಕಾಲದಲ್ಲಿ ಪರೀಕ್ಷೆಯ ಅರ್ಥ ಎಲ್ಲ ಮನೆಗಳಿಗೂ ಗೊತ್ತಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನಿಗೆ ಶಾಲಾಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ನಪಾಸಾದವನು ಹೊಲದ ದಾರಿ ಹಿಡಿಯುತ್ತಿದ್ದ. ಆ ಕ್ರಮ ಕಠೋರವಾಗಿತ್ತು. ಆದರೆ ಅದನ್ನು ವಿವರಿಸಿ ಹೇಳಲು ಯಾರೂ ಬೇಕಿರಲಿಲ್ಲ.

ಈಗಿನ ಕ್ರಮ ಮಗುವಿನ ಮಟ್ಟಿಗೆ ಮೃದು, ಮನೆಯ ಮಟ್ಟಿಗೆ ಒಗಟು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೆಂಬ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಪ್ರಗತಿಪತ್ರದಲ್ಲಿ 'ಎ', 'ಬಿ ಪ್ಲಸ್' ಎಂಬ ಶ್ರೇಣಿಗಳು ಕಾಣುತ್ತವೆ. "ನಮ್ಮ ಹುಡುಗ ಎಷ್ಟನೆಯವನು?" ಎಂದು ತಂದೆ ಕೇಳಿದರೆ, ಈ ಪದ್ಧತಿ ಅಂಥ ಪ್ರಶ್ನೆಗೆ ಉತ್ತರ ಕೊಡಲು ಹುಟ್ಟಿದ್ದಲ್ಲ ಎಂದು ಉಪಾಧ್ಯಾಯರು ವಿವರಿಸಬೇಕಾಗುತ್ತದೆ. ರೂಪಣಾತ್ಮಕವೆಂದರೆ ಮಡಕೆ ತಿಗುರಿಯ ಮೇಲೆ ಇರುವಾಗಲೇ ಕೈಯಾಡಿಸಿ ತಿದ್ದುವುದು; ಸಂಕಲನಾತ್ಮಕವೆಂದರೆ ಸುಟ್ಟು ತೆಗೆದ ಮೇಲೆ ತಟ್ಟಿ ನೋಡುವುದು. ಹೀಗೆ ಹೇಳಿದರೆ ಅಜ್ಜಿಗೂ ಅರ್ಥವಾದೀತು. ಹೇಳುವವರು ಬೇಕು, ಅಷ್ಟೇ.

ಒಂದು, ಎರಡು, ಮೂರನೆಯ ತರಗತಿಗಳ ನಲಿ-ಕಲಿ ಪದ್ಧತಿಗೂ ಇದೇ ಮಾತು ಸಲ್ಲುತ್ತದೆ. ೧೯೯೦ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಋಷಿ ಕಣಿವೆಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿ ಬಂದ ಉಪಾಧ್ಯಾಯರು ಕಟ್ಟಿ ಬೆಳೆಸಿದ ಪದ್ಧತಿ ಇದು. ಮಕ್ಕಳು ಗುಂಪುಗುಂಪಾಗಿ ಕುಳಿತು, ಚಿತ್ರವಿರುವ ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತು ಮಗ್ಗಿ ಒಪ್ಪಿಸಿದ ತಂದೆ ಕಿಟಕಿಯಿಂದ ಇಣುಕಿ ನೋಡಿ, "ಇಲ್ಲಿ ಬರೀ ಆಟ, ಪಾಠವೇ ಇಲ್ಲ" ಎಂದುಕೊಂಡರೆ ಅದು ಅವನ ತಪ್ಪಲ್ಲ. ತನ್ನ ಮಗಳು ಏಣಿಯ ಯಾವ ಮೆಟ್ಟಿಲಿನಲ್ಲಿದ್ದಾಳೆ, ಮುಂದಿನ ಮೆಟ್ಟಿಲು ಯಾವುದು ಎಂದು ಗೋಡೆಯ ಮೇಲಿನ ಪಟವನ್ನೇ ತೋರಿಸಿ ಯಾರಾದರೂ ಎರಡು ನಿಮಿಷ ಹೇಳಿದ್ದರೆ, ಮಗಳನ್ನು ಬೇರೆ ಶಾಲೆಗೆ ಸೇರಿಸುವ ಯೋಚನೆಯನ್ನು ಅವನು ಬಿಟ್ಟರೂ ಬಿಟ್ಟಾನು.

ನಾಳೆ ಪರೀಕ್ಷೆ ಉಂಟೋ, ಇಲ್ಲವೋ?

ತಿಳಿಸುವ ಕೆಲಸ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ೨೦೨೪ರ ಮಾರ್ಚ್ ತಿಂಗಳು ತೋರಿಸಿಕೊಟ್ಟಿತು. ಆ ವರ್ಷ ಕರ್ನಾಟಕದಲ್ಲಿ ೫, ೮ ಮತ್ತು ೯ನೆಯ ತರಗತಿಗಳಿಗೆ ರಾಜ್ಯಮಟ್ಟದ ಮಂಡಳಿಯ ಮೂಲಕ ಪರೀಕ್ಷೆ ನಡೆಸುವ ಏರ್ಪಾಡಾಗಿತ್ತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಳಿ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕಾಗಿಲ್ಲವೆಂದು ಶಿಕ್ಷಣ ಹಕ್ಕು ಕಾಯಿದೆಯ ೩೦ನೆಯ ಕಲಮು ಹೇಳುತ್ತದೆ. ೫ ಮತ್ತು ೮ನೆಯ ತರಗತಿಗಳ ಕೊನೆಗೆ ಕ್ರಮವಾದ ಪರೀಕ್ಷೆ ಇರಬೇಕೆಂದು ಅದೇ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಈ ಪರೀಕ್ಷೆ ಯಾವ ಬಗೆಯದು ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಮಾರ್ಚ್ ೬ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯ ಅಧಿಸೂಚನೆಯನ್ನು ರದ್ದುಗೊಳಿಸಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು. ಮಾರ್ಚ್ ೧೧ರಂದು ಪರೀಕ್ಷೆ ಆರಂಭವಾಯಿತು. ೧೨ರಂದು ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಉಳಿದ ವಿಷಯಗಳ ಪರೀಕ್ಷೆ ನಿಂತಿತು. ೨೨ರಂದು ವಿಭಾಗೀಯ ಪೀಠ ಮತ್ತೆ ಅನುಮತಿ ಕೊಟ್ಟಿತು. ೨೫ರಿಂದ ಪರೀಕ್ಷೆ ಮುಂದುವರಿಯಿತು. ಫಲಿತಾಂಶ ಹೊರಬೀಳುವ ಹೊತ್ತಿಗೆ, ಏಪ್ರಿಲ್ ೮ರಂದು, ಸುಪ್ರೀಂ ಕೋರ್ಟು ಅದಕ್ಕೂ ತಡೆಯಾಜ್ಞೆ ನೀಡಿತು.

ಐದನೆಯ ತರಗತಿಯ ಮಗುವಿಗೆ ವಯಸ್ಸು ಹತ್ತೋ ಹನ್ನೊಂದೋ. ಮೊದಲ ದಿನ ಹೊಸ ಪೆನ್ನು ಹಿಡಿದು ದೇವರಿಗೆ ಕೈಮುಗಿದು ಹೊರಟ ಮಗು, ಮೂರನೆಯ ದಿನ ಪರೀಕ್ಷೆ ಇಲ್ಲವೆಂದು ಮನೆಯಲ್ಲೇ ಕುಳಿತಿತು. ಹತ್ತು ದಿನ ಕಳೆದು ಮತ್ತೆ ಓದಲು ಕುಳಿತಿತು. ಸರ್ಕಾರದ ವಾದ ಸರಿಯೋ, ಎದುರುಪಕ್ಷದ ವಾದ ಸರಿಯೋ ಎಂಬುದು ಕಾನೂನು ಬಲ್ಲವರ ವಿಚಾರ. ಆದರೆ ಆ ದಿನಗಳಲ್ಲಿ ಮನೆಗಳಿಗೆ ಬೇಕಾಗಿದ್ದದ್ದು ಬಹಳ ಸಣ್ಣ ಸಂಗತಿ. ನಾಳೆ ಮಗುವನ್ನು ಯಾವ ಹೊತ್ತಿಗೆ ಕಳುಹಿಸಬೇಕು? ಈ ಪರೀಕ್ಷೆಯಿಂದ ಅದು ಅದೇ ತರಗತಿಯಲ್ಲಿ ಉಳಿಯುವುದುಂಟೋ? ಇಷ್ಟನ್ನು ಸಂಜೆಯೊಳಗೆ ಸ್ಪಷ್ಟವಾಗಿ ಹೇಳಬಲ್ಲ ಒಬ್ಬ ಉಪಾಧ್ಯಾಯ ಊರಿನಲ್ಲಿದ್ದರೆ ಅಲ್ಲಿ ಆತಂಕ ಅರ್ಧದಷ್ಟು ಇಳಿಯುತ್ತದೆ. ಹಾಗಿಲ್ಲದ ಕಡೆ ಮಕ್ಕಳು ಗಾಳಿಮಾತಿಗೆ ಬೆದರುತ್ತಾರೆ.

ಗುಳಿಗೆಯ ದಿನ

ಪರೀಕ್ಷೆಯ ವಿಷಯದಲ್ಲಿ ತಪ್ಪು ತಿಳಿವಳಿಕೆಯಾದರೆ ನಿದ್ರೆಗೆಡುತ್ತದೆ; ಆರೋಗ್ಯದ ವಿಷಯದಲ್ಲಾದರೆ ಅಪಾಯ ಇನ್ನೂ ಹೆಚ್ಚು. ೨೦೧೭ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಕರ್ನಾಟಕ ಮೊದಲ ಸಾಲಿನ ರಾಜ್ಯಗಳಲ್ಲಿ ಒಂದಾಗಿತ್ತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಬಹುಪಾಲು ಶಾಲೆಗಳಲ್ಲಿಯೇ, ಲಸಿಕೆ ಹಾಕಬೇಕಾಗಿತ್ತು. ಆಗ ಮೊಬೈಲಿನಿಂದ ಮೊಬೈಲಿಗೆ ಹಾರಿದ ವದಂತಿಗಳನ್ನು ನಂಬಿ, ಲಸಿಕೆಗೆ ಹಿಂಜರಿದ ಮನೆಗಳೂ ಇದ್ದವು. ವದಂತಿ ನೆರೆಯವರ ಬಾಯಲ್ಲಿ, ಮನೆಮಾತಿನಲ್ಲಿ ಬಂದಿತ್ತು; ಸತ್ಯ ಮಾತ್ರ ಅಚ್ಚಾದ ಕರಪತ್ರದಲ್ಲಿ ಬಂದಿತ್ತು. ಯಾವುದು ಮೊದಲು ಮನೆ ಸೇರಿತೆಂದು ಬೇರೆ ಹೇಳಬೇಕಾಗಿಲ್ಲ.

೨೦೧೫ರಿಂದ ನಡೆಯುತ್ತ ಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿದು ನುಂಗಿಸುತ್ತಾರೆ. ಹೊಟ್ಟೆಯಲ್ಲಿ ಹುಳು ಹೆಚ್ಚಾಗಿರುವ ಮಗುವಿಗೆ ಅಂದು ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಅದು ತಾನಾಗಿ ಶಮನವಾಗುತ್ತದೆ. ಜ್ವರದಿಂದ ಮಲಗಿದ ಮಗುವಿಗೆ ಆ ದಿನ ಕೊಡುವುದಿಲ್ಲ; ಕೆಲವು ದಿನಗಳ ಅನಂತರ ಕೊಡಲು ಬೇರೊಂದು ದಿನವನ್ನು ಇಟ್ಟಿರುತ್ತಾರೆ. ರಕ್ತಹೀನತೆಯ ನಿವಾರಣೆಗೆಂದು ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. ಅದನ್ನು ನುಂಗಿದ ಮೇಲೆ ಮಲ ಕಪ್ಪಾಗುವುದು ಸಹಜ. ಇದನ್ನು ಮುಂಚೆಯೇ ತಿಳಿದ ತಾಯಿ ಹೆದರುವುದಿಲ್ಲ. ತಿಳಿಯದ ತಾಯಿ ಮಗುವಿಗೆ ಏನೋ ಆಯಿತೆಂದು ಗಾಬರಿಗೊಂಡು, ಮುಂದಿನ ವಾರ ಮಾತ್ರೆಯ ದಿನವೇ ಅದನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾಳೆ.

೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕೆಂಬ ನಿಯಮವಿದೆ. ಹುಟ್ಟುದೋಷ, ಪೋಷಕಾಂಶಗಳ ಕೊರತೆ, ರೋಗ, ಬೆಳವಣಿಗೆಯ ಕುಂಠತೆ — ಇವನ್ನು ಎಳವೆಯಲ್ಲೇ ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸುವುದು ಅದರ ಉದ್ದೇಶ. ಚೀಟಿ ಬರೆಯುವಲ್ಲಿಗೆ ಅದರ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಡೆಯಬೇಕಾದರೆ ಯಾರೋ ಒಬ್ಬರು ಕೂಲಿ ಬಿಟ್ಟು, ಬಸ್ಸು ಹತ್ತಿ, ಆಸ್ಪತ್ರೆಯ ಸರಿಯಾದ ಬಾಗಿಲನ್ನು ಹುಡುಕಬೇಕು. ಚಿಕಿತ್ಸೆಗೆ ಹಣವಿಲ್ಲವೆಂಬ ಒಂದೇ ಮಾತು ತಿಳಿಯದೆ ಎಷ್ಟು ಚೀಟಿಗಳು ಗೂಡಿನಲ್ಲಿ ಧೂಳು ಹಿಡಿದಿವೆಯೋ!

ತಟ್ಟೆಯ ಕಡೆಗೊಂದು ನೋಟ

ಬಿಸಿಯೂಟದ ಅಕ್ಷರ ದಾಸೋಹ ೨೦೦೨ರ ಜೂನಿನಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಅನಂತರ ಎಲ್ಲೆಡೆ ಹಬ್ಬಿತು. ೨೦೧೩ರ ಆಗಸ್ಟ್ ೧ರಂದು ಕ್ಷೀರಭಾಗ್ಯ ಬಂತು. ಮಗುವೊಂದಕ್ಕೆ ೧೫೦ ಮಿಲಿಲೀಟರು ಹಾಲು. ಮೊಟ್ಟೆ ಬಂದಾಗ ವಾದವಿವಾದಗಳೂ ಜೊತೆಯಲ್ಲಿ ಬಂದವು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಒಂದರಿಂದ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ, ಅದರ ಮೇಲಿನವರಿಗೆ ೧೫೦ ಗ್ರಾಂ ಎಂಬುದು ರಾಷ್ಟ್ರೀಯ ಲೆಕ್ಕ.

ಈ ಲೆಕ್ಕ ಅಡುಗೆಮನೆಯ ದಾಸ್ತಾನು ಪುಸ್ತಕಕ್ಕಷ್ಟೇ ಸೇರಿದ್ದಲ್ಲ, ತಂದೆತಾಯಿಗಳಿಗೂ ಸೇರಿದ್ದು. ಇಂದು ಏನು ಅಡುಗೆ, ನಾಳೆ ಏನು ಎಂಬುದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿದ್ದರೆ, ಯಾವ ದಿನ ತಟ್ಟೆ ಖಾಲಿಯಾಯಿತೆಂದು ಮನೆಗೂ ತಿಳಿಯುತ್ತದೆ. ಶಾಲೆಗೂ ಮನೆಯಿಂದ ತಿಳಿಯಬೇಕಾದದ್ದುಂಟು. ಯಾವ ಮಗುವಿಗೆ ಹಾಲು ಒಗ್ಗದು, ಯಾವ ಮಗುವಿಗೆ ಮೊಟ್ಟೆ ನಿಷಿದ್ಧ, ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬರುತ್ತದೆ — ಇದನ್ನು ಹೇಳಬಲ್ಲವಳು ತಾಯಿಯೊಬ್ಬಳೇ.

ಕಿವಿಯೂ ಬೇಕು

ಎಂದ ಮೇಲೆ, ತಿಳಿಸುವುದು ಒಮ್ಮುಖದ ದಾರಿಯಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಕರ್ನಾಟಕದಲ್ಲಿ ೨೦೦೧ರಲ್ಲಿಯೇ ಹುಟ್ಟಿದವು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಂದಿ ತಂದೆತಾಯಿಗಳೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆಯ ೨೧ನೆಯ ಕಲಮು ವಿಧಿಸಿತು. 'ಸಮುದಾಯದತ್ತ ಶಾಲೆ' ಎಂಬ ಕಾರ್ಯಕ್ರಮದಲ್ಲಿ ತಂದೆತಾಯಿಗಳನ್ನು ಕರೆದು ಮಕ್ಕಳ ಉತ್ತರಪತ್ರಿಕೆಗಳನ್ನು ಅವರ ಕೈಗೇ ಕೊಡುವ ರೂಢಿ ಬೆಳೆದಿದೆ. ಇವೆಲ್ಲ ಒಳ್ಳೆಯ ಏರ್ಪಾಡುಗಳು. ಆದರೆ ಕಳೆ ಕೀಳುವ ಕಾಲದಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ಬರುವವರಾರು? ಬಂದವಳು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತು, ತೋರಿಸಿದ ಕಡೆ ಹೆಬ್ಬೆಟ್ಟೊತ್ತಿ ಎದ್ದುಹೋದರೆ ಸಭೆ ನಡೆದಂತಾಯಿತೇ?

೨೦೨೦ರಲ್ಲಿ ಕೋವಿಡ್ ಶಾಲೆಗಳ ಬಾಗಿಲು ಮುಚ್ಚಿಸಿದಾಗ ಒಂದು ಹೊಸ ಪಾಠ ದೊರೆಯಿತು. ಆ ವರ್ಷದ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಲ್ಲಿ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋದರು. ಗುಡಿಯ ಪೌಳಿ, ಮರದ ನೆರಳು, ಮನೆಯ ಜಗಲಿ ಇವೇ ಶಾಲೆಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಕೆಲವು ವಾರಗಳಲ್ಲಿ ಹಾಜರಿ ಪುಸ್ತಕ ಹೇಳದ ಸಂಗತಿಗಳನ್ನು ಜಗಲಿ ಹೇಳಿತು. ಮೊಬೈಲು ಇರುವ ಮನೆಯಲ್ಲೂ ಅದು ದುಡಿಯಲು ಪರವೂರಿಗೆ ಹೋದ ತಂದೆಯ ಕಿಸೆಯಲ್ಲಿರಬಹುದು. ಶಾಲೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸುದ್ದಿ ಅವನಿಗೆ ಮುಟ್ಟಿದರೂ ಮಗುವಿನ ಬಳಿ ಇರುವ ಅಜ್ಜಿಗೆ ಮುಟ್ಟದು.

ಆದ್ದರಿಂದ ಬೇಕಾಗಿರುವುದು ಹೊಸ ಯಂತ್ರವಲ್ಲ, ಹಳೆಯ ವಿವೇಕ. ಚೀಟಿಯ ಮೊದಲ ಸಾಲಿನಲ್ಲೇ, ಏನು ಮಾಡಬೇಕು, ಯಾವ ದಿನ, ಎಲ್ಲಿ, ಹಣ ಬೇಕೋ ಬೇಡವೋ ಎಂಬುದಿರಲಿ. ಓದು ಬಾರದ ಮನೆಗೆ ಬಾಯಿಮಾತಿನಲ್ಲಿ, ಇಲ್ಲವೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಹೇಳಲಿ. ಕೂಲಿಯವರ ಊರಿನಲ್ಲಿ ಸಭೆ ಸಂಜೆ ನಡೆಯಲಿ. ಮೂರು ದಿನ ಬಾರದ ಮಗುವಿನ ಮನೆಗೆ ನೋಟೀಸು ಕಳುಹಿಸುವ ಮುನ್ನ ಒಬ್ಬರು ಹೋಗಿ ಬರಲಿ. ಕೆಟ್ಟ ಸುದ್ದಿಗಾಗಿ ಮಾತ್ರ ಮನೆಯವರನ್ನು ಕರೆಸುವ ಶಾಲೆ, ಒಳ್ಳೆಯ ಸುದ್ದಿಗಾಗಿಯೂ ಒಮ್ಮೆ ಕರೆಸಲಿ; "ನಿಮ್ಮ ಮಗ ಈಗ ತಾನಾಗಿ ಓದುತ್ತಾನೆ" ಎಂಬ ಒಂದು ಮಾತು ಕೇಳಿದ ತಂದೆ ಮುಂದಿನ ಸಭೆಗೆ ಕರೆಯದೆಯೇ ಬರುತ್ತಾನೆ.

ತಂದೆತಾಯಿಗಳೂ ಕೇಳಲು ಸಂಕೋಚಪಡಬಾರದು. ಮಗು ಯಾವುದನ್ನು ಚೆನ್ನಾಗಿ ಬಲ್ಲುದು, ಎಲ್ಲಿ ತಡವರಿಸುತ್ತದೆ? ಹಲಗೆಯ ಮೇಲಿನ ಅಕ್ಷರ ಅದಕ್ಕೆ ಕಾಣುತ್ತದೆಯೇ? ಈ ತಿಂಗಳು ಎಷ್ಟು ದಿನ ಶಾಲೆಗೆ ಬಂದಿದೆ? ಯಾವ ಲಸಿಕೆ, ಯಾವ ಮಾತ್ರೆ ಕೊಟ್ಟಿರಿ? ಮನೆಯಲ್ಲಿ ಏನು ಮಾಡಿಸಬೇಕು? ಈ ಐದು ಪ್ರಶ್ನೆಗಳಿಗೆ ಓದು ಬರಹ ಬೇಕಾಗಿಲ್ಲ. ಇವನ್ನು ಕೇಳುವ ಹಕ್ಕನ್ನು ಕಾಯಿದೆಯೇ ಕೊಟ್ಟಿದೆ.

ಆ ತಾಯಿ ಮರುದಿನ ಕೂಲಿಗೆ ಅರ್ಧ ದಿನ ತಡವಾಗಿ ಹೋದಳು. ಶಾಲೆಯ ಬಾಗಿಲಿನಲ್ಲಿ ನಿಂತು, ಚೀಟಿಯನ್ನು ಮುಂದೆ ಹಿಡಿದು, "ಅಕ್ಕಾರ, ಇದು ನಿನ್ನೆ ನನ್ನ ಕೈಗೆ ಬಂತ್ರಿ" ಎಂದಳು. ಉಪಾಧ್ಯಾಯಿನಿ ಅದನ್ನು ತಿರುಗಿಸಿ, ಹಿಂಬದಿಯಲ್ಲಿ ಬಸ್ಸಿನ ಹೊತ್ತು, ಆಸ್ಪತ್ರೆಯಲ್ಲಿ ಕೇಳಬೇಕಾದ ಕೋಣೆ, ಹೋಗಬೇಕಾದ ಹೊಸ ದಿನ ಇಷ್ಟನ್ನೂ ಬರೆದು, ಎರಡು ಸಲ ಬಾಯಲ್ಲೂ ಹೇಳಿದರು. "ರೊಕ್ಕ ಎಷ್ಟು ತರಬೇಕ್ರಿ?" ಎಂದು ತಾಯಿ ಕೇಳಿದಳು. "ಬಸ್ಸಿನಾಗ ನಿನ್ನ ಆಧಾರ್ ಕಾರ್ಡು ತೋರಿಸಿದರ ಸಾಕವ್ವ, ಕಣ್ಣಿಗೆ ಏನೂ ಕೊಡೂದಿಲ್ಲ" ಎಂದು ಉತ್ತರ ಬಂತು.

ಆ ಬೆಳಗ್ಗೆ ಉಪಾಧ್ಯಾಯಿನಿ ಇನ್ನೊಂದು ಕೆಲಸವನ್ನೂ ಮಾಡಿದರು. ಹಿಂದಿನ ಸಾಲಿನಲ್ಲಿ ಕುಳಿತು, ಹಲಗೆಯ ಕಡೆ ನೋಡದೆ ಪಕ್ಕದವಳ ಪಾಟಿಯನ್ನು ನೋಡಿ ಬರೆಯುತ್ತಿದ್ದ ಹುಡುಗಿಯನ್ನು ಕರೆದು ಮುಂದೆ ಕೂರಿಸಿದರು. ಕಾಪಿ ಮಾಡುತ್ತಾಳೆಂದು ಇಷ್ಟು ದಿನ ಅವಳನ್ನು ಗದರುತ್ತಿದ್ದುದೂ ಅವರಿಗೆ ನೆನಪಾಯಿತು.